ಅಕ್ಕೋರು ಓದಿಸಿದ ಶಾಪ

ಅಕ್ಕೋರ ಎಡಗಣ್ಣು ಬೆಂದ ಮೀನಿನ ಕಣ್ಣಿನ ಹಾಗೆ ಬೆಳ್ಳಗೆ ಉಬ್ಬಿತ್ತು. ಅದನ್ನು ಒಡೆದದ್ದು ಗಂಡ ಎಸೆದ ಸೋಡಾ ಬಾಟಲಿ. ಬಲಗಣ್ಣನ್ನು ಆಮೇಲೆ ಸಕ್ಕರೆ ಕಾಯಿಲೆ ತಿಂದಿತು. "ಒಂದನ್ನ ಗಂಡ ತೆಗೆದ, ಇನ್ನೊಂದನ್ನ ದೇವರು ತೆಗೆದ. ಗಂಡನ ಮೇಲೆ ಕೇಸು ಹಾಕಿ ಗೆದ್ದೆ. ದೇವರ ಮೇಲಿಂದು ಇನ್ನೂ ನಡೀತಾ ಅದೆ," ಎಂದು ನಗುತ್ತಿದ್ದರು.

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಕ್ರಿಶ್ಚಿಯನ್ ಹೆಂಗಸು ಅವರು. ಕಾರವಾರದ ಹಬ್ಬುವಾಡದಲ್ಲಿ ಹಂಚಿನ ಮನೆಯೊಂದರಲ್ಲಿ ಒಬ್ಬರೇ ಇದ್ದರು. ನಾನು ಅಂಕೋಲೆ ಕಡೆಯ, ಉಪ್ಪುನೀರಿನ ಹೊಳೆಯಂಚಿನ ಗಜನಿ ಗದ್ದೆಯವರ ಮಗ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಏಳನೇ ಇಯತ್ತೆ ದಾಟಿರಲಿಲ್ಲ. ಡಿಗ್ರಿಗೆಂದು ಕಾರವಾರಕ್ಕೆ ಬಂದಾಗ ಅಕ್ಕೋರು ಇರಲು ಕೋಣೆ ಕೊಟ್ಟರು, ಊಟ ಹಾಕಿದರು. ಕರಾರು ಒಂದೇ. ದಿನಾ ಸಂಜೆ ಅವರಿಗೆ ಬೈಬಲ್ ಓದಿ ಹೇಳಬೇಕು. ಅದರಲ್ಲೂ ಜ್ಞಾನದ ಪುಸ್ತಕಗಳೆಂದು ಕರೆಯುವ ಭಾಗ ಮಾತ್ರ.

ಜ್ಞಾನವೆಂದರೆ ತಣ್ಣಗಿನ ಬುದ್ಧಿಮಾತು ಎಂದುಕೊಂಡು ಶುರುಮಾಡಿದೆ. ಒಂದು ಪುಸ್ತಕದಲ್ಲಿ ಹಾಗೇ ಇತ್ತು. ಒಳ್ಳೆಯವನಿಗೆ ಒಳ್ಳೆಯದು, ಸೋಮಾರಿಗೆ ಹಸಿವು. ಜೀವಮಾನವಿಡೀ ಕೆಸರಲ್ಲಿ ದುಡಿದೂ ಹಸಿದ ಅಪ್ಪನನ್ನು ನೋಡಿದ ನನಗೆ ಓದುವಾಗ ನಾಲಿಗೆ ತಡವರಿಸುತ್ತಿತ್ತು. ಇನ್ನೊಂದು ಪುಸ್ತಕಕ್ಕೆ ದುಡಿಮೆ, ಹೆಸರು, ಓದು ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಮೂರನೆಯದು ಯಾವ ತಪ್ಪೂ ಮಾಡದೆ ಮಕ್ಕಳು, ದನಕರು ಎಲ್ಲವನ್ನೂ ಕಳೆದುಕೊಂಡವನ ಕಥೆ. ಅವನು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತು, ಮಡಕೆ ಚೂರಿನಿಂದ ಕೆರೆದುಕೊಳ್ಳುತ್ತ, ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಸಂತೈಸಲು ಬಂದ ಗೆಳೆಯರು, ನಿನ್ನದೇ ಏನೋ ಪಾಪವಿರಬೇಕು ಎನ್ನುತ್ತಾರೆ.

"ಒಂದೇ ರಟ್ಟಿನೊಳಗೆ ಮೂರು ಜನ ಜಗಳ ಆಡ್ತಾರೆ. ಯಾರ ಬಾಯೂ ಮುಚ್ಚಿಸ್ಲಿಲ್ಲ ನೋಡು," ಎನ್ನುತ್ತಿದ್ದರು ಅಕ್ಕೋರು. ಮೂರನೆಯ ಪುಸ್ತಕದ ಕೊನೆಯ ಅಧ್ಯಾಯವನ್ನು ಮಾತ್ರ ಓದಿಸುತ್ತಿರಲಿಲ್ಲ. ಅಲ್ಲಿ ಅವನಿಗೆ ಮತ್ತೆ ಮಕ್ಕಳು ಹುಟ್ಟುತ್ತಾರೆ. "ಸತ್ತವರ ಬದಲಿಗೆ ಹೊಸಬರಾ? ಹೆತ್ತವಳು ಬರೆದದ್ದಲ್ಲ ಅದು. ಮುಚ್ಚು."

ಕೊನೆಯ ವರ್ಷದ ಮೊದಲ ಸೆಮಿಸ್ಟರ್ ಪರೀಕ್ಷೆಗೆ ತಿಂಗಳಿತ್ತು. ಊರಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ಗಜನಿಗೆ ಉಪ್ಪುನೀರು ನುಗ್ಗದಂತೆ ಕಟ್ಟೆಯ ಬಾಯಿಗೆ ಹಲಗೆ ಹಾಕಿರುತ್ತೇವೆ. ಕೊಯ್ಲು ಮುಗಿದ ಮೇಲೆ ಅದನ್ನು ಎತ್ತಿ, ನೀರಿನ ಜೊತೆ ಬರುವ ಸಿಗಡಿ ಹಿಡಿಯುತ್ತೇವೆ. ಸಿಗಡಿಯ ಆಸೆಗೆ ದೊಡ್ಡಪ್ಪ ನಮ್ಮ ಭತ್ತ ಕೊಯ್ಯುವ ಮುಂಚೆಯೇ ಹಲಗೆ ಎತ್ತಿದ. ಅಪ್ಪ ಹೋಗಿ ಅದನ್ನು ಮತ್ತೆ ಇಳಿಸಲು ಬಗ್ಗಿದ. ಬಗ್ಗಿದವನ ತಲೆಗೆ ದೊಡ್ಡಪ್ಪ ಗುದ್ದಲಿಯಿಂದ ಹೊಡೆದ. ಬುರುಡೆ ಒಡೆಯಿತು. ಅಪ್ಪ ಬದುಕಿದ. ಆದರೆ ಮಾತು ಹೋಯಿತು, ಬಲಗೈ ಸತ್ತಿತು. ದೊಡ್ಡಪ್ಪ ಮೂರೇ ವಾರದಲ್ಲಿ ಜಾಮೀನು ಪಡೆದು ಮನೆಗೆ ಬಂದ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಸೋದರಮಾವ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಅಕ್ಕೋರ ಮನೆಗೇ ಬಂದ. ನಮ್ಮಲ್ಲಿ ಜಗಳ ಮುಗಿಸಲು ಎರಡೂ ಕಡೆಯವರು ಊರದೇವರ ಮುಂದೆ ಒಟ್ಟಿಗೆ ಕಾಯಿ ಇಡುತ್ತಾರೆ. ಇಟ್ಟ ಮೇಲೆ ಕೋರ್ಟಿನಲ್ಲಿ ಯಾರೂ ಬಾಯಿ ಬಿಡುವಂತಿಲ್ಲ.

"ನಾಳೆ ಬೆಳಿಗ್ಗೆ ಕಾಯಿ ಇಡೂದು ತಮಾ," ಎಂದ ಮಾವ. "ನಿನ್ನಪ್ಪನೂ ಸುಮ್ಮನಿದ್ದವ ಅಲ್ಲ. ಹಲಗೆ ಮುಟ್ಟಬಾರದಾಗಿತ್ತು."

"ಎಂತದೋ ಪಾಪ ಇರ್ತದೆ. ಇಲ್ಲದೆ ದೇವರು ಹೊಡೀತಾನಾ?" ಎಂದರು ಒಬ್ಬ ಹಿರಿಯರು. ಇನ್ನೊಬ್ಬರು ನನ್ನ ಪಕ್ಕದಲ್ಲಿದ್ದ ಬೈಬಲ್ ನೋಡಿ, "ಕಂಡವರ ದೇವರ ಪುಸ್ತಕ ಓದಿದ್ರೆ ಹಿಂಗೇ ಆಗೂದು," ಎಂದರು.

ಅಕ್ಕೋರು ಎದ್ದವರೇ ಕೋಲು ಬೀಸಿದರು. ಚಾ ಲೋಟಗಳು ಹಾರಿದವು. "ಆ ಬೂದಿಯಲ್ಲಿ ಕೂತವನ ಗೆಳೆಯರೂ ಮೊದಲು ಏಳು ದಿನ ಬಾಯಿ ಮುಚ್ಚಿ ಕೂತಿದ್ರು. ನಿಮಗೆ ಏಳು ನಿಮಿಷ ಆಗ್ಲಿಲ್ಲ! ಏಳ್ರಿ ಮೇಲೆ!" ಎರಡನೆಯ ಏಟು ಮಾವನ ಮೊಣಕಾಲಿಗೆ ಬಿತ್ತು. "ಮುದುಕಿಗೆ ಹುಚ್ಚು ಮಾರಾಯಾ," ಎನ್ನುತ್ತ ಮೂವರೂ ಅಂಗಳಕ್ಕೆ ಜಿಗಿದರು.

"ನೀವು ನಡೀರಿ ಮಾವ, ನಾ ಬತ್ತೆ," ಎಂದು ಕೂಗಿ ನಾನು ಚೀಲ ಹೆಗಲಿಗೇರಿಸಿದೆ. ಅಕ್ಕೋರು ಬಾಗಿಲಿಗೆ ಅಡ್ಡ ನಿಂತರು.

"ಬೆಳಿಗ್ಗೆ ಬಾವಿಕಟ್ಟೆ ಮೇಲೆ ಎಂತ ಮಸೀತಿದ್ದೆ, ಪುತಾ?" ನನ್ನನ್ನು ಅವರು ಕೊಂಕಣಿಯಲ್ಲಿ ಮಗನೇ ಎಂದೇ ಕರೆಯುತ್ತಿದ್ದರು. "ಕಾಯಿ ಇಡಲಿಕ್ಕೆ ಕತ್ತಿ ಎಂತಕ್ಕೆ?"

ಚೀಲದ ತಳದಲ್ಲಿ ಕತ್ತಿ ಇತ್ತು. ಕಾಯಿ ಇಡುವ ಸುದ್ದಿ ಹಿಂದಿನ ದಿನವೇ ನನಗೆ ಮುಟ್ಟಿತ್ತು. ದೇವರ ಮುಂದೆ ದೊಡ್ಡಪ್ಪ ಕಾಯಿ ಇಡಲು ಬಗ್ಗುತ್ತಾನೆ, ಆಗ ಕುತ್ತಿಗೆಗೆ ಹಾಕಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. "ದಾರಿ ಬಿಡಿ ಅಕ್ಕೋರೇ," ಎಂದೆ. ಬಿಡಲಿಲ್ಲ. ನಾನು ಅವರನ್ನು ತಳ್ಳಿದೆ.

ಹಣೆ ಹೊಸ್ತಿಲಿಗೆ ಬಡಿದ ಸದ್ದು ಈಗಲೂ ಕೇಳುತ್ತದೆ. ರಕ್ತ ಆ ಬಿಳಿ ಕಣ್ಣಿನ ಮೇಲೆ ಹರಿದು ಗಲ್ಲಕ್ಕೆ ಇಳಿಯಿತು. ಅವರು ಏಳಲಿಲ್ಲ, ಅಳಲೂ ಇಲ್ಲ. "ಇನ್ನು ಒಡೀಲಿಕ್ಕೆ ಕಣ್ಣು ಉಳಿದಿಲ್ಲ. ಪುಸ್ತಕ ತೆಗಿ. ಅವನ ಶಾಪ ಓದು."

ಪುಸ್ತಕ ತೆರೆದೆ. ಓದಿದೆ. "ಸತ್ತವರ ಹಾಗೆ ಓದಬೇಡ," ಎಂದರು. ಮತ್ತೆ ಓದಿದೆ. ಮೂರನೆಯ ಸಲಕ್ಕೆ ಪುಸ್ತಕದ ಸಾಲು ಬಿಟ್ಟು ನನ್ನ ಬಾಯಿಗೆ ಬಂದದ್ದು ಶುರುವಾಯಿತು. ದೊಡ್ಡಪ್ಪನ ವಂಶಕ್ಕೆ, ಆ ಗದ್ದೆಗೆ, ದೇವರಿಗೆ, ಹುಟ್ಟಿದ ನನಗೆ ಎಲ್ಲರಿಗೂ ಬೈದೆ. ಬೇಲಿಯಾಚೆ ಜನ ಸೇರಿದರು. "ಜೋರಾಗಿ! ಕೇಳಬೇಕಾದ್ದು ದೇವರಿಗೆ, ಹಬ್ಬುವಾಡಕ್ಕಲ್ಲ!" ಎಂದು ಅಕ್ಕೋರು ನೆಲಕ್ಕೆ ಕೈ ಬಡಿದರು. ಗಂಟಲು ಹರಿದು, ವಾಂತಿಯಾಗಿ, ಅವರ ಪಕ್ಕದಲ್ಲೇ ಕುಸಿದೆ. ಆಗ ನನ್ನ ಚೀಲದೊಳಗೆ ಕೈ ಹಾಕಿ ಕತ್ತಿ ತೆಗೆದುಕೊಂಡರು. ಉಪದೇಶ ಮಾಡಲಿಲ್ಲ. "ಮೊದಲು ನನ್ನ ಹಣೆ ಕಟ್ಟು. ಆಮೇಲೆ ನಾಳೆಯ ಪರೀಕ್ಷೆಗೆ ಓದಿಕೋ," ಎಂದರು ಅಷ್ಟೇ.

ನಾನು ಕಾಯಿ ಇಡಲಿಲ್ಲ. ಪರೀಕ್ಷೆಗೆ ಕೂತೆ, ಆ ವರ್ಷವೇ ಡಿಗ್ರಿ ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ. ಕೇಸು ನಡೆದು ದೊಡ್ಡಪ್ಪ ಜೈಲಿಗೆ ಹೋದ. ಅವನ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಹೋಗಬೇಕೆಂದು ಅಕ್ಕೋರು ಒಂದು ದಿನವೂ ಹೇಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಗ್ಯಾಂಗ್ರೀನ್ ಆಗಿ ಮೊದಲು ಬೆರಳು, ಆಮೇಲೆ ಪಾದ ಕತ್ತರಿಸಿದ್ದರು. ಮಣ್ಣು ಮಾಡುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಎಡಗೈಯಲ್ಲಿ ಒಂದು ಹಿಡಿ ಮಣ್ಣು ಹಾಕಿದ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಮಧ್ಯಾಹ್ನದ ಕಥೆಯನ್ನು ಅಪ್ಪನಿಗೆ ಮೊದಲ ಸಲ ಹೇಳಿದೆ. ಕತ್ತಿ ಮಸೆದದ್ದು, ಅಕ್ಕೋರನ್ನು ತಳ್ಳಿದ್ದು ಎಲ್ಲ. ಅಪ್ಪ ಪೂರ್ತಿ ಕೇಳಿದ. ಆಮೇಲೆ ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಮುಂದಿನ ಸೀಟಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಅದೇ ಕೈಯಿಂದ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅಂಕೋಲೆ ಬರುವವರೆಗೂ ಬಿಡಲಿಲ್ಲ.