ಬ್ಯಾಡಗಿ ಘಾಟಿನಲ್ಲಿ ತಮ್ಮನನ್ನು ದಾಟಿದ್ದು

ನನ್ನ ತಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾನೆ. ನಾನು ರಾಣೆಬೆನ್ನೂರಿನಲ್ಲಿ ಗಂಡನ ಜೊತೆ ಬೀಜದ ಅಂಗಡಿ ನೋಡಿಕೊಂಡಿದ್ದೇನೆ. ವಯಸ್ಸಿನಲ್ಲಿ ನಾನು ದೊಡ್ಡವಳು, ಉಳಿದ ಎಲ್ಲದರಲ್ಲೂ ಅವನೇ ಮುಂದೆ. ಚಿಕ್ಕವರಿದ್ದಾಗ ಅಗಡಿಯ ಹೊಲದ ಬಾವಿಯಲ್ಲಿ ಅಪ್ಪ ನಮ್ಮಿಬ್ಬರ ಬೆನ್ನಿಗೂ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದರು. ಮೊದಲು ಬುರುಡೆ ಬಿಚ್ಚಿ ಎಸೆದವನು ತಮ್ಮ. ಸೈಕಲ್ ಕಲಿಯುವುದರಲ್ಲಿ, ಮರ ಹತ್ತುವುದರಲ್ಲಿ, ಕೊನೆಗೆ ಉಂಡು ಏಳುವುದರಲ್ಲೂ ಅವನು ನನಗಾಗಿ ಕಾಯ್ದಿದ್ದೇ ಇಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಕಡೆಯ ಸೈಕಲ್ ಹವ್ಯಾಸಿಗಳೆಲ್ಲ ಸೇರಿ ಒಂದು ಸಣ್ಣ ಟ್ರಯಥ್ಲಾನ್ ಇಟ್ಟುಕೊಂಡರು. ಹಾವೇರಿಯ ಹತ್ತಿರದ ಕೆರೆಯಲ್ಲಿ ಈಜಬೇಕು, ದಡಕ್ಕೆ ಬಂದವರೇ ಸೈಕಲ್ ಹತ್ತಿ ಮೋಟೆಬೆನ್ನೂರಿನ ಮೇಲೆ ಬ್ಯಾಡಗಿಗೆ ಬರಬೇಕು, ಅಲ್ಲಿ ಸೈಕಲ್ ಬಿಟ್ಟು ಊರು ಸುತ್ತಿ ಓಡಬೇಕು. ತಮ್ಮ ತನ್ನ ಹೆಸರು ಕೊಟ್ಟ ದಿನವೇ ನನಗೆ ಫೋನು ಮಾಡಿದ.

"ಅಕ್ಕಾ, ನೀನೂ ಬಾ. ನಾ ಮುಟ್ಟಿ, ಸ್ನಾನಾ ಮಾಡಿ, ನಾಷ್ಟಾ ಮುಗಿಸಿ ನಿನ್ನ ಹಾದಿ ನೋಡ್ತೇನಿ."

"ಬರ್ತೇನಿ ತಗೋ," ಎಂದೆ.

ಸೈಕಲ್ ನನಗೆ ಹೊಸದಲ್ಲ. ಎರಡು ವರ್ಷದಿಂದ ಬೆಳಗಿನ ಹೊತ್ತು ನಾವು ಕೆಲವು ಹೆಂಗಸರು ಕುಮಾರಪಟ್ಟಣದ ಹೊಳೆಯವರೆಗೆ ಹೋಗಿ ಬರುತ್ತಿದ್ದೆವು. ಆದರೆ ಅಭ್ಯಾಸಕ್ಕೆಂದು ಮೂರನ್ನೂ ಒಂದರ ಹಿಂದೊಂದು ಮಾಡಿದಾಗ ಮೊದಮೊದಲು ಓಟದ ಹೊತ್ತಿಗೆ ಕಾಲು ನನ್ನವಲ್ಲ ಅನ್ನಿಸುತ್ತಿತ್ತು. ದಮ್ಮು ಮೀರದಂತೆ ನೋಡಿಕೊಳ್ಳಲು ಕೆಲವರು ಎದೆಬಡಿತ ತೋರಿಸುವ ಗಡಿಯಾರ ಕಟ್ಟುತ್ತಾರೆ. ನನಗೆ ಆ ಕೆಲಸವನ್ನು ಗಂಡ ಮಾಡಿದರು. ನಾನು ಸೈಕಲ್ ತುಳಿಯುವಾಗ ಪಕ್ಕದಲ್ಲಿ ಸ್ಕೂಟರ್ ಓಡಿಸುತ್ತ ಮನೆಯ ವಿಷಯ ಏನಾದರೂ ಪ್ರಶ್ನೆ ಕೇಳುತ್ತಿದ್ದರು. ಪೂರ್ತಿ ಉತ್ತರ ಕೊಟ್ಟರೆ ವೇಗ ಸರಿ. ಬರೀ "ಹೂಂ" ಅಂದರೆ, "ಸಾವಕಾಶ, ಸಾವಕಾಶ. ಈಗ ದಮ್ ಖರ್ಚ ಮಾಡಿದ್ರ ಆಮ್ಯಾಗ ಏನ್ ಮಾಡ್ತಿ?" ಎನ್ನುತ್ತಿದ್ದರು. ನಮ್ಮ ಮದುವೆಯಾದ ಮೇಲೆ ಇಷ್ಟು ಮಾತಾಡಿದ್ದು ತಯಾರಿಯ ಆ ಮೂರು ತಿಂಗಳಲ್ಲೇ ಇರಬೇಕು.

ಆ ಭಾನುವಾರ ಕೆರೆಯ ನೀರು ಕೊರೆಯುತ್ತಿತ್ತು. ಸೀಟಿ ಊದಿದ್ದೇ ತಡ, ಬೆದರಿದ ಎಮ್ಮೆಯ ಹಾಗೆ ತಮ್ಮ ನೀರು ಚಿಮ್ಮಿಸುತ್ತ ಮುನ್ನುಗ್ಗಿದ. ಸುತ್ತಲಿನವರ ಕೈಕಾಲು ನನಗೂ ತಾಕಿದವು. ಒಂದು ಕ್ಷಣ ಅವರ ಹಿಂದೆಯೇ ಹೋಗುವ ಹುಕಿ ಬಂತು. ತಡೆದುಕೊಂಡೆ. ಗುಂಪು ಕದಲಿದ ಮೇಲೆ ಬಿಡುವಾದ ನೀರಿನಲ್ಲಿ ಉಸಿರು ಎಣಿಸುತ್ತ ಈಜಿದೆ. ದಡ ಹತ್ತಿದಾಗ ಹೆಚ್ಚಿನ ಸೈಕಲ್‌ಗಳು ಹೋಗಿಬಿಟ್ಟಿದ್ದವು.

ರಸ್ತೆಯ ಮೇಲೆ ಎದುರುಗಾಳಿ. ನನ್ನ ಹಿಂದೆ ನೀರಿನಿಂದ ಮೇಲೆ ಬಂದವರೂ ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. ಚಪ್ಪಲಿ ಹಾಕಿಕೊಂಡೇ ತುಳಿಯುತ್ತಿದ್ದ ದಪ್ಪನೆಯ ಮನುಷ್ಯರೊಬ್ಬರು, "ಆರಾಮ ಬರ್ರಿ ಅಕ್ಕಾರ," ಎಂದು ನಗುತ್ತ ಮುಂದೆ ಹೋದಾಗ ಮಾತ್ರ ತಡೆಯಲಾಗಲಿಲ್ಲ. ಪೆಡಲ್ ಮೇಲೆ ಕಾಲು ಜೋರಾಗಿ ಒತ್ತಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಉಸಿರು ಗಂಟಲಿಗೆ ಬಂತು. ಬೇಡ ಎಂದುಕೊಂಡು ಮತ್ತೆ ಹಗುರಾದೆ.

ಮೋಟೆಬೆನ್ನೂರಿನ ಕ್ರಾಸಿನಲ್ಲಿ ಗಂಡ ನೀರಿನ ಬಾಟಲಿ ಹಿಡಿದು ನಿಂತಿದ್ದರು. ನನ್ನನ್ನು ಕಂಡಕೂಡಲೇ ಜನರ ನಡುವೆಯೇ ಕೂಗಿದರು:

"ಸಂಜಿಗೆ ಅಡಗಿ ಏನ?"

"ಜ್ವಾಳದ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ. ಮಾಡವ್ರು ನೀವ ನೋಡ್ರಿ!"

"ಬರೋಬ್ಬರಿ ಐತಿ! ಹಿಂಗ ನಡಿ!"

ಅಲ್ಲಿದ್ದವರೆಲ್ಲ ನಕ್ಕರು. ಹೊಲಗಳಲ್ಲಿ ಕೆಂಪಗೆ ಹಣ್ಣಾದ ಮೆಣಸಿನಗಿಡ ನೋಡುತ್ತ ಬ್ಯಾಡಗಿ ಸೇರಿದೆ. ಸೈಕಲ್ ಇಳಿದಾಗ ಕಾಲು ನನ್ನವೇ ಆಗಿದ್ದವು. ಅದೇ ಒಂದು ದೊಡ್ಡ ಸಂತೋಷ.

ಓಟದ ದಾರಿ ರೈಲ್ವೆ ಸ್ಟೇಷನ್ ಕಡೆಯಿಂದ ಕೋಲ್ಡ್ ಸ್ಟೋರೇಜುಗಳನ್ನು ದಾಟಿ, ಮಾರುಕಟ್ಟೆಯ ಪ್ರಾಂಗಣದ ಸುತ್ತ ಹೋಗುತ್ತಿತ್ತು. ಸುಗ್ಗಿಯ ಕಾಲ. ರಜೆಯಾದರೂ ಕೆಲವು ಅಂಗಡಿಗಳ ಮುಂದೆ ಹಮಾಲರು ಲಾರಿಗೆ ಚೀಲ ಹೇರುತ್ತಿದ್ದರು. ಗಾಳಿಯಲ್ಲಿ ಘಾಟು ತುಂಬಿತ್ತು. ನಾನು ಮೂಗಿನಲ್ಲೇ ಉಸಿರಾಡುವಷ್ಟು ನಿಧಾನಕ್ಕೆ ಓಡುತ್ತಿದ್ದೆ, ಹಾಗಾಗಿ ಕಣ್ಣಿನ ಉರಿ ಬಿಟ್ಟರೆ ತೊಂದರೆಯಾಗಲಿಲ್ಲ. ಮುಂದೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವರೆಲ್ಲ ಕೆಮ್ಮತೊಡಗಿದರು. ಚಪ್ಪಲಿಯ ಮಹನೀಯರು ಕಂಬ ಹಿಡಿದು ಸೀನುತ್ತಿದ್ದರು. "ಆರಾಮ ಬರ್ರಿ," ಎಂದು ಹೇಳಿ ದಾಟಿದೆ. ಅಷ್ಟು ಹೇಳದೆ ಇರಲು ಆಗಲಿಲ್ಲ.

ಒಂದು ತಿರುವಿನಲ್ಲಿ ಹಮಾಲರ ನಗು ಜೋರಾಗಿ ಕೇಳಿತು. "ಸಾವಕಾರ್ರಿಗೇ ಘಾಟ ಹತ್ತೈತಿ!" ನೋಡಿದರೆ ಅಂಗಡಿಯ ಕಟ್ಟೆಯ ಮೇಲೆ ತಮ್ಮ ಕೂತಿದ್ದಾನೆ. ಮುಖ ಅವನ ಮಾಲಿಗಿಂತ ಕೆಂಪು. ಮೀನಖಂಡ ಹಿಡಿದುಕೊಂಡಿದೆ, ಜೊತೆಗೆ ಕೆಮ್ಮು.

ನಿಂತು ಅವನ ಕಾಲು ನೀವಿದೆ.

"ಇಪ್ಪತ್ತ ವರ್ಷದಿಂದ ಇದ ಘಾಟಿನ್ಯಾಗ ಅದೇನಿ," ಎಂದ ಕೆಮ್ಮಿನ ನಡುವೆ. "ಒಂದ ದಿನಾ ಹಿಂಗ ಆಗಿಲ್ಲ. ಎಲ್ಲಾ ದಮ್ ಸೈಕಲ್ ಮ್ಯಾಲೇ ಹೋತು ಅಕ್ಕಾ."

"ಏಳು, ಇಬ್ಬರೂ ಕೂಡಿ ಹೋಗೂಣು."

ಅವನು ನನ್ನ ಕೈ ಸರಿಸಿದ. "ನಿಲ್ಲಬ್ಯಾಡ. ಖರೇ ಹೇಳ್ತೇನಿ, ನೀ ನಡಿ. ನನ್ನ ಸಲುವಾಗಿ ನಿಂತರ ನಾ ಸಿಟ್ಟಾಗ್ತೇನಿ."

ನಡೆದೆ. ಅಲ್ಲಿಂದ ಮುಂದೆ ಏನಾಯಿತೋ, ಉಳಿಸಿಟ್ಟಿದ್ದ ಶಕ್ತಿಯೆಲ್ಲ ಒಮ್ಮೆಲೇ ಕಾಲಿಗೆ ಇಳಿಯಿತು. ಅಷ್ಟು ಹೊತ್ತು ತಡೆದುಕೊಂಡವಳು ಈಗ ತಡೆಯಲಿಲ್ಲ. ಒಬ್ಬರನ್ನು ದಾಟಿದೆ, ಇನ್ನೊಬ್ಬರನ್ನು ದಾಟಿದೆ. ಗಟ್ಟಿಯಾಗಿ ನಗು ಬರುತ್ತಿತ್ತು. ನಲವತ್ತು ದಾಟಿದ ಹೆಂಗಸು ಪೇಟೆಯಲ್ಲಿ ಒಬ್ಬಳೇ ನಗುತ್ತ ಓಡುವುದನ್ನು ಬ್ಯಾಡಗಿಯ ಜನ ನಿಂತು ನೋಡಿದರು.

ಓಟ ಮುಗಿಯುವ ಗೆರೆಯಾಚೆ ಕುರ್ಚಿ ಹಾಕಿಕೊಂಡು ಅವ್ವ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದಳು.

"ಅವನ್ನ ಎಲ್ಲಿ ಬಿಟ್ಟ ಬಂದಿ?"

"ಹಿಂದ ಬರಾಕತ್ತಾನವ್ವಾ."

"ಹಿಂದ? ಅವಾ?" ಅವ್ವ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದ ಮಿರ್ಚಿಯನ್ನು ಮುರಿದು ದೊಡ್ಡ ತುಂಡನ್ನು ನನ್ನ ಬಾಯಿಗಿಟ್ಟಳು.

ತಮ್ಮ ಕುಂಟುತ್ತ ಬಂದ. ಕೊನೆಯ ತುಸು ದೂರ ಮಾತ್ರ ಎರಡೂ ಕೈ ಮೇಲೆತ್ತಿ, ಗೆದ್ದವನ ಹಾಗೆ ಓಡಿ ಚಪ್ಪಾಳೆ ಗಿಟ್ಟಿಸಿಕೊಂಡ. ನೇರ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ಕಂಡಕಂಡವರಿಗೆಲ್ಲ, "ನಮ್ಮಕ್ಕರೀ. ನನ್ನ ಸೋಲಿಸ್ಯಾಳ," ಎಂದು ಹೇಳತೊಡಗಿದ. ಅವನ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಕತೆ. ಹೇಳಿದಷ್ಟೂ ಅದು ಬೆಳೆಯಿತು. ಮೊದಲು ನಾನು ಅವನನ್ನು ದಾಟಿದ್ದು ಪ್ರಾಂಗಣದ ತಿರುವಿನಲ್ಲಿ, ಆಮೇಲೆ ಮೋಟೆಬೆನ್ನೂರಿನಲ್ಲಿ, ಮಜ್ಜಿಗೆ ಕುಡಿಯುವ ಹೊತ್ತಿಗೆ ಕೆರೆಯಲ್ಲೇ ದಾಟಿಬಿಟ್ಟಿದ್ದೆ. ನಾನು ತಿದ್ದಲು ಹೋಗಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.