ಪಡುವಣದ ಬಾಗಿಲು ಮುಚ್ಚಿದ ಕಥೆ

ಬಾಳೂರಿನ ಕಡೆ ಬಡವರಿಗೆ ಮನೆ ಕಟ್ಟುವ ಸೇವಾಯಾತ್ರೆಗೆ ನನ್ನ ಹೆಸರು ಬರೆಸಿದ್ದು ನಾನಲ್ಲ, ನನ್ನ ಅಮ್ಮ. ಮಂಗಳೂರಿನ ನಮ್ಮ ಚರ್ಚಿನ ಸಭೆಯಿಂದ ಹನ್ನೆರಡು ಜನ ಮೇ ತಿಂಗಳಲ್ಲಿ ಘಟ್ಟ ಹತ್ತಿ ಹೋಗಿ, ಹತ್ತು ದಿನ ದುಡಿದು, ಒಂದು ಕುಟುಂಬಕ್ಕೆ ಸೂರು ಮಾಡಿಕೊಟ್ಟು ಬರುವುದೆಂದು ಭಾನುವಾರದ ಆರಾಧನೆಯಲ್ಲಿ ಪ್ರಕಟಣೆಯಾಯಿತು. ಅಮ್ಮನಿಗೆ ಕೇಳಿಸಿದ್ದು ಬೇರೆಯೇ. ಹನ್ನೆರಡು ಜನರಲ್ಲಿ ಮದುವೆಯಾಗದ ಹುಡುಗರು ನಾಲ್ವರಾದರೂ ಇರುತ್ತಾರೆ, ಮೂವತ್ತಮೂರು ದಾಟಿದ ಮಗಳು ಮಣ್ಣು ಹೊರುವುದನ್ನು ಹತ್ತು ದಿನ ನೋಡಿದರೆ ಒಬ್ಬನಿಗಾದರೂ ಮನಸ್ಸು ಕರಗೀತು ಎಂದು ಅವಳ ಆಸೆ.

ಬಸ್ಸು ಹತ್ತಿ ನೋಡಿದರೆ ಏಳು ಜನ ನಿವೃತ್ತರು. ಇದ್ದ ಒಬ್ಬನೇ ಬ್ರಹ್ಮಚಾರಿ ಚಾರ್ಮಾಡಿ ಘಾಟಿಯ ಮೂರನೇ ತಿರುವಿನಲ್ಲಿ ವಾಂತಿ ಶುರು ಮಾಡಿದವನು ಕೊಟ್ಟಿಗೆಹಾರದವರೆಗೂ ನಿಲ್ಲಿಸಲಿಲ್ಲ. ನಾನು ಪಕ್ಕದಲ್ಲಿ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಕೂತೆ. ನಮ್ಮ ಸಂಬಂಧ ಅಲ್ಲಿಂದ ಮುಂದೆ ಹೋಗಲಿಲ್ಲ.

ತಂಡದ ನಾಯಕರು ನಮ್ಮ ಅಯ್ಯನವರು. ಸಭೆಯ ಪಾದ್ರಿಗಳನ್ನು ನಾವು ಕರೆಯುವುದು ಹಾಗೆ. ದೊಡ್ಡ ಮನಸ್ಸು, ದೊಡ್ಡ ದನಿ, ಅಷ್ಟೇ ಉದ್ದದ ಪ್ರಾರ್ಥನೆ. ಒಂದು ಎಸ್ಟೇಟಿನವರು ಒಣಗಿಸಿದ ಕಾಫಿಬೀಜ ತುಂಬಿಡುವ ಗೋದಾಮನ್ನು ನಮಗೆ ಮಲಗಲು ಬಿಟ್ಟುಕೊಟ್ಟಿದ್ದರು. ಬೆಳಿಗ್ಗೆ ಅಲ್ಲಿಂದ ಜೀಪಿನಲ್ಲಿ ಗುಡ್ಡ ಹತ್ತಿದರೆ ನಮ್ಮ ಕೆಲಸದ ಜಾಗ.

ಮನೆ ಒಬ್ಬ ಹೆಂಗಸಿಗೆ. ವಯಸ್ಸು ಅರವತ್ತರ ಹತ್ತಿರ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳು ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜೀವಮಾನವೆಲ್ಲ ಎಸ್ಟೇಟಿನಲ್ಲಿ ಕಾಫಿಹಣ್ಣು ಕೊಯ್ದು, ಕೂಲಿಯವರ ಲೈನುಮನೆಯಲ್ಲಿ ಬದುಕಿದವರು. ಕೆಲಸದಿಂದ ಬಿಡುಗಡೆಯಾದ ಮೇಲೆ ಲೈನುಮನೆಯೂ ಬಿಡಬೇಕಾಗಿತ್ತು. ಪಂಚಾಯಿತಿಯಿಂದ ಒಂದು ಚೂರು ಜಾಗದ ಹಕ್ಕುಪತ್ರ ಸಿಕ್ಕಿತ್ತು, ಅದರ ಮೇಲೆ ಕಟ್ಟಲು ಏನೂ ಇರಲಿಲ್ಲ. ನಾವೆಲ್ಲ ಅವರನ್ನು ಅಕ್ಕ ಎಂದೆವು. ಅವರು ನಮ್ಮನ್ನೆಲ್ಲ, ಅಯ್ಯನವರನ್ನು ಬಿಟ್ಟು, ಮೇಡಂ ಮತ್ತು ಸಾರ್ ಎಂದರು.

ಮೊದಲ ದಿನವೇ ಒಂದು ಅನಾಹುತವಾಯಿತು. ಕೆಲಸಕ್ಕೆ ಗೊತ್ತುಮಾಡಿದ್ದ ಅಲ್ಲಿನ ಮೇಸ್ತ್ರಿ ಸಿಮೆಂಟು ಮರಳಿಗೆ ನೀರು ಹಾಕಿ ಕಲಸಿ ಮುಗಿಸುವುದಕ್ಕೂ ಅಯ್ಯನವರು "ಪ್ರಾರ್ಥಿಸೋಣ" ಎನ್ನುವುದಕ್ಕೂ ಸರಿಹೋಯಿತು. ಅಬ್ರಹಾಮನಿಂದ ಹಿಡಿದು ಸೊಲೊಮೋನನ ದೇವಾಲಯದವರೆಗೆ, ಪ್ರಪಂಚದಲ್ಲಿ ಕಟ್ಟಡ ಕಟ್ಟಿದ ಎಲ್ಲರನ್ನೂ ಅವರು ನೆನೆದರು. ಬಿಸಿಲು ಚುರುಚುರು ಎನ್ನುತ್ತಿತ್ತು. ನಾನು ಅರೆಗಣ್ಣು ತೆರೆದು ನೋಡಿದಾಗ ಮೇಸ್ತ್ರಿ ಕರಣೆಯಿಂದ ಗಾರೆಯನ್ನು ಕುಟ್ಟಿ ನೋಡುತ್ತಿದ್ದ. ಆಮೆನ್ ಬರುವಷ್ಟರಲ್ಲಿ ಅದು ಬಿಗಿಯಾಗಿ ಕೂತಿತ್ತು.

"ಅಯ್ನೋರೆ, ಬೇಜಾರ್ ಮಾಡ್ಕಬೇಡಿ," ಎಂದ ಮೇಸ್ತ್ರಿ. "ನಾಳೆಯಿಂದ ನೀವು ಮುಗ್ಸಿ, ಆಮೇಲೆ ನಾನು ನೀರು ಹಾಕ್ತೀನಿ. ಸಿಮೆಂಟು ಯಾರಿಗೂ ಕಾಯದಿಲ್ಲ ಮಾರಾಯ್ರೆ."

ಮೇಸ್ತ್ರಿ ಅರವತ್ತು ದಾಟಿದ, ಬಿಳಿ ಗಡ್ಡದ, ಮಿತಭಾಷಿ ಮನುಷ್ಯ. ಶುಕ್ರವಾರ ಬೈಕಿನಲ್ಲಿ ಮಸೀದಿಗೆ ಹೋಗಿ, ನಮಾಜು ಮುಗಿಸಿ, ಬರುವಾಗ ಮೊಳೆಯನ್ನೂ ಕೊಂಡು ವಾಪಸ್ಸಾದಾಗ ನಾವಿನ್ನೂ ಊಟಕ್ಕೆ ಮುಂಚಿನ ಸ್ತೋತ್ರದಲ್ಲಿದ್ದೆವು.

ಕೆಲಸದಲ್ಲಿ ನಾವು ಎಷ್ಟು ಅಯೋಗ್ಯರು ಎಂಬುದು ಎರಡನೇ ದಿನಕ್ಕೇ ಊರಿಗೆಲ್ಲ ಗೊತ್ತಾಯಿತು. ನಾನು ಇಟ್ಟ ಬ್ಲಾಕಿನ ಸಾಲಿಗೆ ಮೇಸ್ತ್ರಿ ದಾರ ಹಿಡಿದು ನೋಡಿ, ಮೂರು ಬ್ಲಾಕು ಕಿತ್ತು ನನ್ನ ಕೈಗೇ ಕೊಟ್ಟ. ಅಕ್ಕ ಮೊದಲು ಒಂದು ದಿಣ್ಣೆಯ ಮೇಲೆ ಸುಮ್ಮನೆ ಕೂತಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಮರಳಿನ ಬಾಂಡ್ಲಿಯನ್ನು ಎದೆಗೆ ಅವುಚಿಕೊಂಡು ಮಗುವಿನಂತೆ ಹೊತ್ತು ತರುವುದನ್ನು ಅರ್ಧ ಗಂಟೆ ನೋಡಿದರು. ಆಮೇಲೆ ಎದ್ದು ಬಂದು ಅದನ್ನು ಕಿತ್ತುಕೊಂಡು ತಲೆಯ ಮೇಲಿಟ್ಟು ನಡೆದೇಬಿಟ್ಟರು. ಮರುದಿನದಿಂದ ಮೇಸ್ತ್ರಿ ನಮ್ಮ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ಬೇಕಾದ್ದಕ್ಕೆಲ್ಲ "ಅಕ್ಕಾ" ಎನ್ನುತ್ತಿದ್ದ.

ನಾಲ್ಕನೇ ದಿನ ಬಾಗಿಲ ಚೌಕಟ್ಟು ನಿಲ್ಲಿಸಿದೆವು. ಅದರ ಎರಡೂ ಪಕ್ಕ ಗೋಡೆ ಎದೆಮಟ್ಟಕ್ಕೆ ಬಂತು. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಅಕ್ಕ ಮಾತ್ರ ಬರಲಿಲ್ಲ. ಹಿಂದೆ ಕಾಫಿಗಿಡದ ನೆರಳಿನಲ್ಲಿ ಕೂತಿದ್ದವರನ್ನು ಕರೆದುಕೊಂಡು ಬರಲು ನನ್ನನ್ನು ಕಳಿಸಿದರು.

"ಎಂತ ಆಯ್ತು ಅಕ್ಕ? ಮನೆ ಚೆಂದ ಆಗ್ತಿಲ್ವಾ?"

"ಚೆಂದ ಇದೆ ಮೇಡಂ. ಸೌದೆ ಇಡಕ್ಕೆ ಆಗ್ತದೆ."

"ಸೌದೆಯಾ?"

"ನಾನಂತೂ ಅದ್ರಲ್ಲಿ ಇರದಿಲ್ಲ. ಬಾಗ್ಲು ಪಡುವಣಕ್ಕೆ ಇಟ್ಟಿದೀರಿ."

ನಾನು ಹೋಗಿ ಅಯ್ಯನವರಿಗೆ ಹೇಳಿದೆ. ಅವರ ಮುಖ ಗಂಭೀರವಾಯಿತು. ರಸ್ತೆ ಪಶ್ಚಿಮಕ್ಕಿದೆ, ಬಾಗಿಲೂ ಅತ್ತಲೇ ಇದ್ದರೆ ಹೋಗಿಬರುವವರಿಗೆ ಕಾಣುತ್ತದೆ, ದಾನಿಗಳ ಹೆಸರಿನ ಕಲ್ಲನ್ನೂ ಪಕ್ಕದಲ್ಲಿ ಕೂರಿಸಬಹುದು ಎಂದು ನಮ್ಮ ಕಮಿಟಿ ಮಂಗಳೂರಿನಲ್ಲೇ ಕೂತು ನಕ್ಷೆ ಮಾಡಿಸಿತ್ತು. ಈಗ ಈ ಹೆಂಗಸು ವಾಸ್ತು ಎನ್ನುತ್ತಿದ್ದಾಳಲ್ಲ ಎಂದು ಅವರಿಗೆ ನೋವಾಯಿತು. ಮರುದಿನ ಬೆಳಿಗ್ಗೆ ಅಕ್ಕನನ್ನೂ ಮೇಸ್ತ್ರಿಯನ್ನೂ ಎದುರಿಗೆ ಕೂರಿಸಿಕೊಂಡು ಮೂಢನಂಬಿಕೆಯ ಮೇಲೆ ಒಂದು ಪ್ರಸಂಗವನ್ನೇ ಮಾಡಿದರು. ದೇವರು ಪೂರ್ವದಲ್ಲೂ ಇದ್ದಾನೆ, ಪಶ್ಚಿಮದಲ್ಲೂ ಇದ್ದಾನೆ, ಬಾಗಿಲು ಎತ್ತ ಇದ್ದರೂ ಆತನ ಆಶೀರ್ವಾದ ಒಳಗೆ ಬರುತ್ತದೆ ಎಂದರು.

ಅಕ್ಕ ಪೂರ್ತಿ ಕೇಳಿಸಿಕೊಂಡರು.

"ದೇವ್ರು ಎಲ್ಲಾ ಕಡೆನೂ ಇರಬಹುದು ಅಯ್ನೋರೆ," ಎಂದರು. "ಮಳೆ ಪಡುವಣದಿಂದ್ಲೇ ಬರದು. ಆಷಾಢದಲ್ಲಿ ಇಲ್ಲಿ ಗಾಳಿ ಹೊಡೆಯದು ನೀವು ನೋಡಿಲ್ಲ. ಬಾಗ್ಲು ತೆಗೆದ್ರೆ ಒಲೆವರೆಗೂ ನೀರು. ಮೂರು ತಿಂಗಳು ಬಾಗ್ಲು ಹಾಕ್ಕೊಂಡೇ ಕೂರಬೇಕಾಗ್ತದೆ."

ಅಯ್ಯನವರು ಮೇಸ್ತ್ರಿಯ ಕಡೆ ತಿರುಗಿದರು.

"ಹೌದೇನ್ರಿ?"

"ಹೌದು."

"ಮತ್ತೆ ನೀವು ಹೇಳಬಾರದಿತ್ತಾ?"

"ನೀವು ಪ್ಲಾನ್ ಕೊಟ್ರಿ, ನಾನು ಕಟ್ಟಿದೆ. ನಮ್ಮನ್ನ ಯಾರು ಕೇಳ್ತಾರೆ?"

"ಅಕ್ಕ, ನೀವಾದ್ರೂ ಮೊದಲೇ ಹೇಳಬಹುದಿತ್ತಲ್ಲ," ಎಂದೆ ನಾನು.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಪುಕ್ಕಟೆ ಕೊಡೋರ ಹತ್ರ, ಬಾಗ್ಲು ಈ ಕಡೆ ಇಡಿ ಅಂತ ಹೆಂಗೆ ಹೇಳದು ಮೇಡಂ? ನಾಚಿಕೆ ಆಗದಿಲ್ವಾ?"

ಐದು ದಿನದಿಂದ ನಾವು ಅವರಿಗೆ ಬೈಬಲಿನ ಕಥೆ ಹೇಳಿದ್ದೆವು, ನಮ್ಮ ಹಾಡು ಹಾಡಿ ಕೇಳಿಸಿದ್ದೆವು, ಅವರ ಜೊತೆ ಫೋಟೋಗೆ ನಿಂತಿದ್ದೆವು. ಅಡುಗೆಮನೆ ಎಲ್ಲಿರಬೇಕು, ಕಿಟಕಿ ಎಷ್ಟು ಎತ್ತರ ಬೇಕು ಎಂದು ಹನ್ನೆರಡು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಯ್ಯನವರ ಬಗ್ಗೆ ನಾನು ಏನೇ ಹೇಳಲಿ, ಅವತ್ತು ಅವರು ಮಾಡಿದ್ದನ್ನು ಮಾತ್ರ ಹಗುರ ಮಾಡಲಾರೆ. "ತಪ್ಪಾಯ್ತು ಅಕ್ಕ," ಎಂದರು. ಅಂಗಿಯ ತೋಳು ಮಡಚಿ, ಸುತ್ತಿಗೆ ಎತ್ತಿಕೊಂಡು, ಚೌಕಟ್ಟಿನ ಪಕ್ಕದ ಗೋಡೆಗೆ ತಾವೇ ಮೊದಲ ಏಟು ಹಾಕಿದರು. ಎರಡನೇ ಏಟು ಅವರ ಹೆಬ್ಬೆರಳಿಗೇ ಬಿತ್ತು. ಆಗ ಅವರ ಬಾಯಿಂದ ಅಪ್ಪಟ ತುಳುವಿನ ಒಂದು ಮಾತು ಹೊರಟಿತು. ಅದು ಬೈಬಲಿನ ಯಾವ ಭಾಷಾಂತರದಲ್ಲೂ ಇಲ್ಲ. ಅಕ್ಕನಿಗೆ ತುಳು ಬಾರದು, ಆದರೂ ಅರ್ಥವಾಯಿತು. ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ನಮ್ಮೆದುರು ಅವರು ನಕ್ಕದ್ದು ಅದೇ ಮೊದಲು.

ನಾವು ಕಟ್ಟಿದ್ದರಲ್ಲಿ ನೇರವಾಗಿದ್ದ ಒಂದೇ ಗೋಡೆ ಅದು. ಅದನ್ನು ಕೆಡವಿ, ಚೌಕಟ್ಟು ಕಿತ್ತು, ಆ ಕಡೆ ಮುಚ್ಚಿ, ಪೂರ್ವಕ್ಕೆ ಬಾಗಿಲು ಮಾಡುವುದರಲ್ಲಿ ಎರಡು ದಿನ ಹೋಯಿತು. ಹೊರಡುವ ದಿನ ಗೋಡೆಯೇನೋ ಎದ್ದಿತ್ತು, ಮೇಲೆ ಆಕಾಶ. ಉಳಿದದ್ದನ್ನು ಮೇಸ್ತ್ರಿಯೂ ಅವನ ಇಬ್ಬರು ಆಳುಗಳೂ ಮುಗಿಸಿದರು. ಒಳಗಿನ ಗಾರೆಯನ್ನು ಅಕ್ಕನೇ ಮೆತ್ತಿದರಂತೆ.

ನಾವಿದ್ದ ಕೊನೆಯ ಸಂಜೆ ಮರಳು ಜರಡಿ ಹಿಡಿಯುತ್ತಾ ಅಕ್ಕ ಕೇಳಿದ್ದರು, "ಊರಲ್ಲಿ ಎಂತ ಕೆಲ್ಸ ಮೇಡಂ ನಿಮ್ದು?"

"ಲ್ಯಾಬಿನಲ್ಲಿ. ರಕ್ತ ಪರೀಕ್ಷೆ ಮಾಡೋದು."

ಅವರು ಜರಡಿ ನಿಲ್ಲಿಸಿದರು. "ಹತ್ತು ದಿನದಿಂದ ಇದನ್ನ ಹೇಳದೆ ಬ್ಲಾಕು ಹೊರ್ತಿದ್ರಾ? ಇಲ್ಲಿ ಲೈನಲ್ಲಿ ಅರ್ಧ ಜನಕ್ಕೆ ತಲೆಸುತ್ತು. ಮೂಡಿಗೆರೆಗೆ ಹೋಗಿ ತೋರಿಸ್ಕೊಂಡ್ರೆ ಒಂದು ದಿನದ ಕೆಲ್ಸ ಹೋಗ್ತದೆ ಅಂತ ಯಾರೂ ಹೋಗದಿಲ್ಲ. ಮುಂದಿನ ಸಲ ಆ ಪರೀಕ್ಷೆ ಸಾಮಾನು ತನ್ನಿ."

ಗೃಹಪ್ರವೇಶ ಜೂನ್ ಮೊದಲ ವಾರ. ನಾನು ಲ್ಯಾಬಿನಲ್ಲಿ ಹೇಳಿ, ಸಕ್ಕರೆ ನೋಡುವ ಮೀಟರನ್ನೂ ರಕ್ತದೊತ್ತಡದ ಯಂತ್ರವನ್ನೂ ಹೊತ್ತು ಹೋದೆ. ಅಮ್ಮ ಕೊಟ್ಟ ಹೊಸ ಸೀರೆಯನ್ನು ಮನೆಯಲ್ಲೇ ಬಿಟ್ಟೆ. ಹೊಸ ಮನೆಯ ಜಗಲಿಯಲ್ಲಿ ಸ್ಟೂಲು ಹಾಕಿಕೊಂಡು ಕೂತವಳು ಎರಡು ಗಂಟೆ ಏಳಲಿಲ್ಲ. ಅವತ್ತಿನ ಆರಾಧನೆಗೆ ಸೇರಿದ್ದವರಿಗಿಂತ ಹೆಚ್ಚು ಜನರ ಸಾಲು ನನ್ನ ಮುಂದಿತ್ತು. ಅಕ್ಕ ಪಕ್ಕದಲ್ಲಿ ನಿಂತು, ನುಗ್ಗಿದವರನ್ನು ಹಿಂದಕ್ಕೆ ತಳ್ಳುತ್ತಾ, ಹೆದರಿದವರ ಬೆರಳು ಹಿಡಿದು ಚಾಚಿಸುತ್ತಾ ಇದ್ದರು. ಒಂಬತ್ತು ಜನರಿಗೆ ಡಾಕ್ಟರ ಹತ್ತಿರ ಹೋಗಲೇಬೇಕೆಂದು ಚೀಟಿ ಬರೆದುಕೊಟ್ಟೆ.

ಸಾಲಿನ ಕೊನೆಗೆ ಅಯ್ಯನವರೂ ತಮಾಷೆಗೆಂದು ಬೆರಳು ಚಾಚಿದರು. ಅವತ್ತಿನ ಎಲ್ಲರಿಗಿಂತ ಮೇಲಿನ ಅಂಕಿ ಅವರದೇ. ನಾನು ಮೀಟರನ್ನು ಅವರ ಕಡೆಗೆ ತಿರುಗಿಸಿದೆ. ಅಕ್ಕನೂ ಬಗ್ಗಿ ನೋಡಿದರು. ಓದು ಬಾರದಿದ್ದರೂ ಅಷ್ಟು ಹೊತ್ತಿನಲ್ಲಿ ಯಾವ ಅಂಕಿ ಕೆಟ್ಟದ್ದು ಎಂದು ಕಲಿತಿದ್ದರು. ಒಳಗೆ ಹೋಗಿ, ಅಯ್ಯನವರಿಗೆಂದು ತೆಗೆದಿಟ್ಟಿದ್ದ ಪಾಯಸದ ಲೋಟ ತಂದು, ಅವರ ಕಣ್ಣೆದುರೇ ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟರು.

"ನಿಮಗೆ ಸಕ್ಕರೆ ಇಲ್ಲದ ಕಾಫಿ ಅಯ್ನೋರೆ," ಎಂದರು. "ಕೂತ್ಕಳಿ, ಈಗ ತರ್ತೀನಿ."