ಗೋಡೆಯಾಚೆ ಕಾಣುವ ಕನ್ನಡಕ

ಮಿಕ್ಸಿ ರಿಪೇರಿಯವನ ಅಂಗಡಿಗೆ ಹೋದವರು ಬೈಗುಳ ಕೇಳಿಕೊಂಡೇ ಬರಬೇಕು. ಬೈಗುಳ ಗಿರಾಕಿಗಲ್ಲ, ಹಳೆಯ ಮಕ್ಕಳ ಪತ್ರಿಕೆಗಳ ಕೊನೆಯ ಪುಟದಲ್ಲಿ ಜಾಹೀರಾತು ಹಾಕುತ್ತಿದ್ದವರಿಗೆ. ಯಾರಾದರೂ ಬಾಯಿತಪ್ಪಿ "ಆಗೆಲ್ಲ ಅಂಚೆಯಲ್ಲಿ ಏನೇನು ಬರ್ತಿತ್ತು, ಎಷ್ಟು ಚೆಂದ!" ಅಂದರೆ ಮುಗಿಯಿತು, ಸ್ಕ್ರೂಡ್ರೈವರ್ ಹಿಡಿದೇ ಎದ್ದು ನಿಲ್ಲುತ್ತಾನೆ. "ಚೆಂದ ಅಂತೆ ಚೆಂದ! ಗೋಡೆಯಾಚೆ ಕಾಣೋ ಕನ್ನಡಕ ಅಂದ್ರು, ರಟ್ಟಿಗೆ ಕೋಳಿಪುಕ್ಕ ಅಂಟಿಸಿ ಕಳಿಸಿದ್ರು. ದೊಡ್ಡವರಿಗೆ ಟೋಪಿ ಹಾಕ್ರಪ್ಪ, ಹಾಲುಹಲ್ಲು ಬೀಳದ ಮಕ್ಕಳಿಗೆ ಹಾಕ್ತೀರಾ?" ಈ ಸಿಟ್ಟಿಗೇ ಅವನು ರಿಪೇರಿಯಾದ ಮಿಕ್ಸಿಯನ್ನು ಸುಮ್ಮನೆ ಕೊಡುವುದಿಲ್ಲ, ಗಿರಾಕಿಯ ಕಣ್ಣೆದುರೇ ಸಕ್ಕರೆ ಹಾಕಿ ತಿರುಗಿಸಿ, ಪುಡಿಯನ್ನು ಅಂಗೈಗೆ ಸುರಿದು, "ಮುಟ್ಟಿ ನೋಡಿ, ಆಮೇಲೆ ನಂಬಿ" ಎನ್ನುತ್ತಾನೆ. "ಗೋಡೆಯಾಚೆ ಏನಪ್ಪಾ ನೋಡ್ಬೇಕಿತ್ತು ನಿಂಗೆ?" ಎಂದು ಪಕ್ಕದಂಗಡಿಯ ದರ್ಜಿ ಕಣ್ಣು ಮಿಟುಕಿಸಿದರೆ ಬೈಗುಳ ಇನ್ನೊಂದು ಸುತ್ತು ಹೋಗುತ್ತದೆ. ಮಧ್ಯಾಹ್ನ ಮಿಕ್ಸಿಯವನ ತಂಗಿ ಊಟದ ಡಬ್ಬಿ ತಂದಾಗ ಮಾತ್ರ ಅವನ ಬಾಯಿಗೆ ಬೀಗ. ಒಮ್ಮೆ ದರ್ಜಿ ಅವಳೆದುರೇ ಆ ಮೋಸದ ಕನ್ನಡಕದ ಮಾತೆತ್ತಿದ. "ಮೋಸ ಅಂತ ಯಾರಂದ್ರು?" ಎಂದು ಅವಳು ನಕ್ಕಳು. "ಅಮ್ಮ ಆಸ್ಪತ್ರೆಲಿದ್ದಾಗ ಮಕ್ಕಳನ್ನ ಒಳಗೆ ಬಿಡ್ತಿರಲಿಲ್ಲ. ಅಣ್ಣ ಅದನ್ನ ಹಾಕ್ಕೊಂಡು ಕಾಂಪೌಂಡ್ ಹತ್ರ ನಿಂತು, ಅಮ್ಮ ಎದ್ದು ಕೂತಿದಾಳೆ, ತಲೆ ಬಾಚ್ಕೊತಿದಾಳೆ, ನಿನ್ನೇ ಕೇಳ್ತಿದಾಳೆ ಅಂತ ನೋಡ್ನೋಡಿ ಹೇಳ್ತಿದ್ದ. ಅಮ್ಮ ಮನೆಗೆ ವಾಪಸ್ ಬರಲೇ ಇಲ್ಲ. ಅವಳ ಕೊನೇ ದಿನಗಳು ನಂಗೆ ಗೊತ್ತಿರೋದೇ ಅಷ್ಟು." ದರ್ಜಿ ಬಾಯಿ ತೆರೆದುಕೊಂಡು ಮಿಕ್ಸಿಯವನ ಕಡೆ ತಿರುಗಿದ. ಅವನು ಬಿಚ್ಚಿದ ಮೋಟಾರಿನ ಮೇಲಿಂದ ತಲೆ ಎತ್ತಲಿಲ್ಲ. "ಹೂಂ, ಕಾಣ್ತಿತ್ತು," ಎಂದ. "ಅದೊಂದು ಮಾತ್ರ ಒಳ್ಳೇ ಮಾಲು."